ಮಾಸಿದ ನೋಟಿಗೂ ಅದೇ ಬೆಲೆ

ಹೋದ ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ಮೊಮ್ಮಗಳು ಹಳದೀಪುರಕ್ಕೆ ಬಂದಿದ್ದಳು. ಆರನೆಯ ತರಗತಿ ಮುಗಿಸಿದ ಹುಡುಗಿ. ನಮ್ಮ ನಾಡಿನ ಸಾಧಕರ ಬಗ್ಗೆ ಒಂದು ಚಿತ್ರಪುಸ್ತಕ ಮಾಡಿಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಜಗಲಿಯ ತುಂಬ ಹಳೆಯ ಪತ್ರಿಕೆ ಹರಡಿಕೊಂಡು, ಕತ್ತರಿ, ಅಂಟು ಹಿಡಿದು ಕುಳಿತಿದ್ದಳು. ನಾನು ಪಕ್ಕದಲ್ಲಿ ಕವಳಕ್ಕೆ ಅಡಿಕೆ ಕತ್ತರಿಸುತ್ತಿದ್ದೆ.

ಒಂದು ಚಿತ್ರವನ್ನು ಕೈಯಲ್ಲಿ ಹಿಡಿದವಳು ಬಹಳ ಹೊತ್ತು ನೋಡಿದಳು. ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಒಬ್ಬ ಅಜ್ಜಿ. ಹಾಲಕ್ಕಿ ಒಕ್ಕಲಿಗ ಹೆಂಗಸರು ಉಡುವ ರೀತಿಯ ಸೀರೆ, ಕೊರಳ ತುಂಬ ಮಣಿಸರ, ಬರಿಗಾಲು.

“ಅಜ್ಜಾ, ಅಷ್ಟು ದೊಡ್ಡ ಜಾಗಕ್ಕೆ ಹೋಗುವಾಗ ಇವರಿಗೆ ಯಾರೂ ಒಂದು ಒಳ್ಳೆಯ ಸೀರೆ, ಚಪ್ಪಲಿ ಕೊಡಿಸಲಿಲ್ಲವಾ?”

ನಾನು ನಗಲು ಹೋದೆ. ನಗು ಅರ್ಧಕ್ಕೇ ನಿಂತಿತು. ಮಗು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಬಟ್ಟೆ ನೋಡಿ ಮನುಷ್ಯರನ್ನು ಅಳೆದು, ಅದರಿಂದ ಒಬ್ಬರ ಮನಸ್ಸು ನೋಯಿಸಿದವನು ನಾನು. ಆ ಮಾತನ್ನು ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ದಿನ ಅವಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ. ಮೊದಲು ಚಿತ್ರದಲ್ಲಿರುವ ಅಜ್ಜಿಯ ಕಥೆ ಕೇಳಿ.

ಬರಿಗಾಲಿನ ವಿಜ್ಞಾನಿ

ಅವರು ತುಳಸಿ ಗೌಡ. ನಮ್ಮೂರಿನಿಂದ ಹೆದ್ದಾರಿ ಹಿಡಿದು ಕುಮಟಾ ದಾಟಿ ಮುಂದೆ ಹೋದರೆ ಅಂಕೋಲಾ. ಆ ತಾಲೂಕಿನ ಹೊನ್ನಳ್ಳಿ ಅವರ ಊರು. ತೀರ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಎಳವೆಯಲ್ಲೇ ಮದುವೆಯಾಯಿತು. ತಾಯಿಯ ಜೊತೆ ಅರಣ್ಯ ಇಲಾಖೆಯ ಸಸಿ ತೋಟಕ್ಕೆ ದಿನಗೂಲಿಗೆ ಹೋದರು. ಮಣ್ಣು ಹದ ಮಾಡುವುದು, ಬೀಜ ಹಾಕುವುದು, ನೀರು ಹೊಯ್ಯುವುದು, ಕಳೆ ಕೀಳುವುದು. ಮೂವತ್ತಕ್ಕೂ ಹೆಚ್ಚು ವರ್ಷ ಹೀಗೆ ದಿನಗೂಲಿಯಲ್ಲೇ ಕಳೆದ ಮೇಲೆ ಕೆಲಸ ಕಾಯಂ ಆಯಿತು.

ಹೊರಗಿನಿಂದ ನೋಡಿದವರಿಗೆ ಆಕೆ ತಲೆಯ ಮೇಲೆ ಸಸಿಯ ಬುಟ್ಟಿ ಹೊತ್ತ ಒಬ್ಬ ಕೂಲಿ ಹೆಂಗಸು. ಆದರೆ ಆ ತಲೆಯೊಳಗೆ ಒಂದು ಕಾಡೇ ಇತ್ತು. ಯಾವ ಮರ ಯಾವ ತಿಂಗಳು ಹೂ ಬಿಡುತ್ತದೆ, ಕಾಯಿ ಯಾವಾಗ ಬಲಿಯುತ್ತದೆ, ಬೀಜ ಉದುರುವ ಮೊದಲು ಆಯಬೇಕೋ ಉದುರಿದ ಮೇಲೋ, ಎಲ್ಲವೂ ಅವರಿಗೆ ಗೊತ್ತಿತ್ತು. ಹಲಸಿನಂಥ ಬೀಜ ಬಹಳ ದಿನ ತಾಳುವುದಿಲ್ಲ, ಹಸಿ ಇರುವಾಗಲೇ ನೆಡಬೇಕು. ತೇಗದ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ನೀರಿನಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಸಿದರೆ ಮಾತ್ರ ಮೊಳಕೆ ಸುಲಭ. ಇಂಥ ವಿದ್ಯೆಯನ್ನು ಕಾಲೇಜಿನವರು ಪುಸ್ತಕದಲ್ಲಿ ಓದುತ್ತಾರೆ. ತುಳಸಜ್ಜಿ ಕೈಯಿಂದ ಕಲಿತಿದ್ದರು.

ಇನ್ನೂ ದೊಡ್ಡ ವಿದ್ಯೆ ಎಂದರೆ ತಾಯಿ ಮರವನ್ನು ಗುರುತಿಸುವುದು. ಕಾಡಿನಲ್ಲಿ ಒಂದೇ ಜಾತಿಯ ನೂರು ಮರಗಳಿದ್ದರೂ ಎಲ್ಲದರ ಬೀಜವೂ ಒಂದೇ ಗುಣದ್ದಲ್ಲ. ಬಲಿತ, ಆರೋಗ್ಯದ ಮರವನ್ನು ಹುಡುಕಿ, ಅದರ ಬೀಜ ತಂದರೆ ಸಸಿಯೂ ಗಟ್ಟಿಯಾಗುತ್ತದೆ. ಆ ಮರವನ್ನು ಗುರುತಿಸುವುದರಲ್ಲಿ ಅವರನ್ನು ಮೀರಿಸುವವರು ಕಡಿಮೆ. ಹಿರಿಯ ಅರಣ್ಯಾಧಿಕಾರಿಯಾಗಿದ್ದ ಅ.ನ. ಯಲ್ಲಪ್ಪ ರೆಡ್ಡಿಯವರು ಈ ಜ್ಞಾನವನ್ನು ಗುರುತಿಸಿ ಗೌರವಿಸಿದರು. ಕಾಡಿನ ವಿಶ್ವಕೋಶ ಎಂದು ಜನ ಕರೆದರು. ಅವರು ಬೆಳೆಸಿದ ಸಸಿಗಳನ್ನು ಸಾವಿರಗಳ ಲೆಕ್ಕದಲ್ಲೇ ಹೇಳಬೇಕು.

1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ, 1999ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಬಂತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಕೊರೋನಾ ಕಾರಣದಿಂದ ತಡವಾಗಿ, 2021ರ ನವೆಂಬರ್ 8ರಂದು ರಾಷ್ಟ್ರಪತಿ ರಾಮನಾಥ ಕೋವಿಂದ ಅವರಿಂದ ಅದನ್ನು ಸ್ವೀಕರಿಸಿದರು. ತಮ್ಮ ಊರಿನಲ್ಲಿ ಹೇಗಿದ್ದರೋ ದಿಲ್ಲಿಗೂ ಹಾಗೆಯೇ ಹೋದರು. 2024ರ ಡಿಸೆಂಬರ್ 16ರಂದು ಹೊನ್ನಳ್ಳಿಯಲ್ಲೇ ಕಣ್ಣು ಮುಚ್ಚಿದರು.

“ಚಪ್ಪಲಿ ಹಾಕಿದ್ದರೆ ಮಣ್ಣು ಅವರ ಜೊತೆ ಅಷ್ಟು ಮಾತಾಡುತ್ತಿತ್ತೋ ಇಲ್ಲವೋ,” ಎಂದೆ. ಮೊಮ್ಮಗಳು ನಕ್ಕಳು. “ನಿನ್ನ ಕಥೆ ಹೇಳು ಅಜ್ಜಾ,” ಎಂದಳು.

ಮುನ್ನೂರು ರೂಪಾಯಿ

1979ರ ಮಾತು. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಐದು ವರ್ಷವಾಗಿತ್ತು. ಕುಮಟಾ, ಅಂಕೋಲಾ ನಡುವಿನ ಒಂದು ಚಿಕ್ಕ ಶಾಖೆಯಲ್ಲಿ ನಗದು ಕೌಂಟರ್ ನನ್ನದು. ಭತ್ತದ ಕೊಯ್ಲಿನ ಕಾಲ, ಶನಿವಾರ, ಅರ್ಧ ದಿನದ ಕೆಲಸ. ಕೌಂಟರಿನ ಮುಂದೆ ಸಾಲು.

ಮೊದಲು ಒಬ್ಬ ವ್ಯಾಪಾರಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು. “ಬನ್ನಿ, ಕುಳಿತುಕೊಳ್ಳಿ,” ಎಂದೆ. ಆಮೇಲೆ ಒಬ್ಬ ಹಾಲಕ್ಕಿ ಮುದುಕಿ. ಕೊಯ್ಲಿನ ಆಳುಗಳಿಗೆ ಕೂಲಿ ಕೊಡಲು ಇನ್ನೂರು ರೂಪಾಯಿ ಬೇಕಿತ್ತು, ಎರಡೆರಡರ ನೋಟಿನಲ್ಲಿ. ಆಕೆಗೆ “ಹೆಬ್ಬೆಟ್ಟು ಒತ್ತು ಇಲ್ಲಿ,” ಎಂದೆ. ಅದರ ನಂತರ ಚಿಪ್ಪು ಸುಟ್ಟು ಸುಣ್ಣ ಮಾಡುವ ಭಟ್ಟಿಯಲ್ಲಿ ದುಡಿಯುವ ಒಬ್ಬರು. ಮಾಸಿದ ಬನಿಯನ್, ಸುಣ್ಣ ತಿಂದು ಬಿರಿದ ಬೆರಳುಗಳು. ಅವರಿಗೆ “ಏನು ಬೇಕು ನಿಂಗೆ?” ಎಂದೆ.

ಮಕ್ಕಳೇ, ಇಲ್ಲೊಂದು ವಿಷಯ ಗಮನಿಸಿ. ನಮ್ಮ ಕನ್ನಡದಲ್ಲಿ ‘ನೀನು’ ಇದೆ, ‘ನೀವು’ ಇದೆ. ವಯಸ್ಸು ನೋಡಿ ಆರಿಸಬೇಕಾದ ಮಾತು ಅದು. ನಾನು ಬಟ್ಟೆ ನೋಡಿ ಆರಿಸಿದೆ. ಆ ಮುದುಕಿ ನನ್ನ ಅಜ್ಜಿಯ ವಯಸ್ಸಿನವರು. ಆ ಮನುಷ್ಯ ನನ್ನ ಅಪ್ಪನ ವಯಸ್ಸಿನವರು.

ಮುದುಕಿ ನೋಟಿನ ಕಟ್ಟನ್ನು ಕೈಗೆ ತೆಗೆದುಕೊಂಡು, ಅಲ್ಲೇ ಬಿಚ್ಚಿ ನೋಡಲು ಹೊರಟರು. ಹಿಂದೆ ಸಾಲು ಬೆಳೆದಿತ್ತು. “ಬ್ಯಾಂಕಿನ ಲೆಕ್ಕ ತಪ್ಪುತ್ತದಾ? ಸರಿ ಅತ್ತ,” ಎಂದು ಗದರಿದೆ. ಅವರು ಮಾತಾಡದೆ ಕಟ್ಟನ್ನು ಮಡಿಲಿಗೆ ಸೇರಿಸಿಕೊಂಡು ಹೋದರು.

ಮಧ್ಯಾಹ್ನ ನಗದು ತಾಳೆ ನೋಡಿದರೆ ಮುನ್ನೂರು ರೂಪಾಯಿ ಕಡಿಮೆ. ಮೂರು ಸಲ ಎಣಿಸಿದೆ. ಬೆವರು ಇಳಿಯಿತು. ನಗದು ಕಡಿಮೆ ಬಿದ್ದರೆ ನಗದು ಗುಮಾಸ್ತನೇ ತುಂಬಬೇಕು. ಆಗ ನನ್ನ ಸಂಬಳ ಸಾವಿರ ದಾಟಿರಲಿಲ್ಲ. ಮನೆಯಲ್ಲಿ ತಂಗಿಯ ಮದುವೆಯ ಮಾತುಕತೆ ನಡೆದಿತ್ತು.

ಯಾರಿಗೆ ಹೆಚ್ಚು ಕೊಟ್ಟಿರಬಹುದು? ಮನಸ್ಸು ಒಬ್ಬೊಬ್ಬರನ್ನೇ ತೂಗಿತು. ವ್ಯಾಪಾರಿಯೇ? ಛೇ, ಅಂಥವರು ಹಾಗೆ ಮಾಡುವುದಿಲ್ಲ. ಮುದುಕಿಯೇ? ಅವಳಿಗೆ ಎಣಿಸಲೇ ಬರುವುದಿಲ್ಲ. ಹಾಗಾದರೆ ಭಟ್ಟಿಯವನೇ! ಇಷ್ಟಕ್ಕೆ ನನ್ನ ಬಳಿ ಯಾವ ಆಧಾರವಿತ್ತು? ಒಂದು ಮಾಸಿದ ಬನಿಯನ್. ಅಷ್ಟೇ.

ಸೈಕಲ್ ಹತ್ತಿ ಭಟ್ಟಿಗೆ ಹೋದೆ. ಏಳೆಂಟು ಜನ ಕೆಲಸ ಮಾಡುತ್ತಿದ್ದರು. ಎಲ್ಲರ ಎದುರಿಗೇ ಕೇಳಿದೆ: “ಹೆಚ್ಚು ಹಣ ಬಂದಿದೆಯಲ್ಲ, ಯಾಕೆ ಹೇಳಲಿಲ್ಲ?”

ಅವರು ಸಿಟ್ಟು ಮಾಡಲಿಲ್ಲ. ಕೈ ತೊಳೆದುಕೊಂಡರು. ಗುಡಿಸಲಿಗೆ ಹೋಗಿ ಗಂಟು ಕಟ್ಟಿದ ಒಂದು ಬಟ್ಟೆ ತಂದರು. ಬಿಚ್ಚಿ ನನ್ನ ಮುಂದಿಟ್ಟರು. “ನೂರಿಪ್ಪತ್ತು ತೆಗೆದದ್ದು ಸಾಯ್ಬರೇ. ಇಪ್ಪತ್ತು ಅಕ್ಕಿಗೆ ಕೊಟ್ಟೆ. ನೂರು ಇಲ್ಲಿದೆ. ಎಣಿಸಿ ನೋಡಿ.”

ಎಲ್ಲರೂ ನೋಡುತ್ತಿದ್ದರು. ಬೇಡ ಎನ್ನಬಹುದಿತ್ತು. ನಾನು ಎಣಿಸಿದೆ. ಹೌದು ಮಕ್ಕಳೇ, ಎಣಿಸಿದೆ. ಸರಿಯಾಗಿ ನೂರು ಇತ್ತು. “ಹ್ಞೂಂ,” ಎಂದಷ್ಟೇ ಹೇಳಿ ಸೈಕಲ್ ಹತ್ತಿದೆ.

ಸೋಮವಾರ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಆ ಮುದುಕಿ ಕುಳಿತಿದ್ದರು. ಮಡಿಲಿನಿಂದ ನೋಟಿನ ಕಟ್ಟು ತೆಗೆದು ಕೊಟ್ಟರು. ನೂರು ನೋಟಿನ ಕಟ್ಟು ಹೌದು, ಆದರೆ ಎರಡರದಲ್ಲ, ಐದರದು! ಇನ್ನೂರರ ಬದಲು ಐನೂರು ಕೊಟ್ಟು ಕಳಿಸಿದ್ದೆ. ಸುತ್ತಿದ ಚೀಟಿ ಕೂಡ ಹರಿದಿರಲಿಲ್ಲ.

“ಎರಡರ ನೋಟು ಯಾವುದು, ಐದರದ್ದು ಯಾವುದು ನಂಗೆ ಗೊತ್ತಾಗುದಿಲ್ವಾ ತಮಾ?” ಎಂದರು. “ಶನಿವಾರ ಸಂಜೆ ತಿರುಗಿ ಬಂದೆ, ಬಾಗಿಲು ಹಾಕಿತ್ತು. ರವಿವಾರವೂ ಬಂದು ನೋಡ್ಕಂಡು ಹೋದೆ. ಆಳುಗಳಿಗೆ ಎರಡು ದಿನ ತಡೀರಿ ಅಂದೆ.” ನನ್ನ ತಪ್ಪಿನಿಂದ ಅವರ ಆಳುಗಳಿಗೆ ಕೂಲಿ ತಡವಾಗಿತ್ತು. ಅದರ ಬಗ್ಗೆ ಒಂದು ಬೇಸರದ ಮಾತೂ ಇಲ್ಲ. ನನ್ನ ಮುಖ ನೋಡಿ ಅವರು ಕೇಳಿದ್ದು ಒಂದೇ: “ನಿಂಗೆ ರಾತ್ರಿ ನಿದ್ದೆ ಬಂತಾ ತಮಾ?”

ಆ ದಿನ ಸಂಜೆಯೇ ಭಟ್ಟಿಗೆ ಹೋಗಿ, ಅದೇ ಏಳೆಂಟು ಜನರ ಎದುರು ತಪ್ಪಾಯಿತು ಎನ್ನಬೇಕಿತ್ತು. ಹೋಗಲಿಲ್ಲ. ನಾಚಿಕೆ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದು ದಿನ ದೂಡಿದೆ. ಮುಂದಿನ ತಿಂಗಳು ಅವರೇ ಬ್ಯಾಂಕಿಗೆ ಬಂದರು, ಇದ್ದ ಹಣವನ್ನೆಲ್ಲ ತೆಗೆದು ಖಾತೆ ಮುಚ್ಚಿಸಲು. ಆ ದಿನ ನಾನು ಬೇರೆ ಕೌಂಟರಿನಲ್ಲಿದ್ದೆ. ಎದ್ದು ನಾಲ್ಕು ಹೆಜ್ಜೆ ಹೋದರೆ ಸಾಕಿತ್ತು. ತಲೆ ತಗ್ಗಿಸಿ ಲೆಡ್ಜರ್ ಬರೆಯುತ್ತ ಕುಳಿತೆ. ಮತ್ತೆ ಅವರನ್ನು ನೋಡುವ ಯೋಗ ಬರಲಿಲ್ಲ. ನಗದಿನ ಕೊರತೆ ಎರಡೇ ದಿನದಲ್ಲಿ ತುಂಬಿತು. ಈ ಬಾಕಿ ಮಾತ್ರ ಇಂದಿಗೂ ನನ್ನ ಹೆಸರಿನಲ್ಲಿದೆ.

ಒರೆಗಲ್ಲು ಏನು ಹೇಳುತ್ತದೆ?

ನಮ್ಮ ಬ್ಯಾಂಕಿನಲ್ಲಿ ಒಡವೆ ಸಾಲ ಕೊಡುವ ದಿನ ಚಿನ್ನ ಪರೀಕ್ಷೆಗೆ ಒಬ್ಬ ಶೇಟರು ಬರುತ್ತಿದ್ದರು. ಥಳಥಳ ಹೊಳೆಯುವ ಬಳೆ ಕಂಡರೂ ಅವರು ಬೆರಗಾಗುತ್ತಿರಲಿಲ್ಲ, ಎಣ್ಣೆ ಮೆತ್ತಿ ಕಪ್ಪಾದ ಸರ ಕಂಡರೂ ಮುಖ ಸಿಂಡರಿಸುತ್ತಿರಲಿಲ್ಲ. ಕಪ್ಪು ಒರೆಗಲ್ಲಿನ ಮೇಲೆ ಉಜ್ಜುವರು. ಗೆರೆ ಮೂಡುವುದು. ಅದರ ಮೇಲೆ ಒಂದು ಹನಿ ಆಮ್ಲ. ತಾಮ್ರವಾದರೆ ಗೆರೆ ಅಳಿಸಿ ಹೋಗುವುದು, ಚಿನ್ನವಾದರೆ ಉಳಿಯುವುದು. ಮೇಲಿನ ಲೇಪ ಮೋಸ ಮಾಡೀತೆಂದು ಅನುಮಾನ ಬಂದರೆ ಒಂದೇ ಕಡೆ ಉಜ್ಜಿ ಬಿಡುತ್ತಿರಲಿಲ್ಲ.

ನೋಟಿನ ವಿಷಯವೂ ಹಾಗೆಯೇ. ಮೀನಿನ ವಾಸನೆಯ, ಬೆವರಿನ, ಅರಿಶಿನದ ಕಲೆಯ ನೋಟುಗಳು ದಿನವೂ ನನ್ನ ಕೈಗೆ ಬರುತ್ತಿದ್ದವು. ಮಾಸಿ ಹೋದ ನೂರರ ನೋಟಿಗೂ ನೂರೇ ರೂಪಾಯಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಮಾಸಿದ ನೋಟನ್ನು ಬ್ಯಾಂಕಿನವರು ಪೂರ್ತಿ ಬೆಲೆಗೆ ಬದಲಾಯಿಸಿ ಕೊಡಬೇಕು. ಖೋಟಾ ನೋಟು ಎಷ್ಟೇ ಗರಿಗರಿಯಾಗಿದ್ದರೂ ಅದಕ್ಕೆ ಒಂದು ಪೈಸೆಯ ಬೆಲೆಯೂ ಇಲ್ಲ. ಬೆಳಕಿಗೆ ಹಿಡಿದು, ಒಳಗಿನ ನೀರ್ಗುರುತು, ದಾರ ನೋಡಿಯೇ ಅಸಲಿಯೋ ಅಲ್ಲವೋ ತೀರ್ಮಾನಿಸುತ್ತಿದ್ದೆ. ನೋಟನ್ನು ಬೆಳಕಿಗೆ ಹಿಡಿಯಲು ಕಲಿತ ನಾನು ಮನುಷ್ಯರ ವಿಷಯದಲ್ಲಿ ಅಷ್ಟೂ ತಾಳ್ಮೆ ತೋರಲಿಲ್ಲ.

ಹೊನ್ನಾವರ ಸೀಮೆಯ ಮಕ್ಕಳಿಗೆ ಈ ಪಾಠ ಯಕ್ಷಗಾನದಲ್ಲೇ ಸಿಗಬೇಕು. ಚಿಕ್ಕಂದಿನಲ್ಲಿ ಆಟಕ್ಕೆ ಹೋಗಿ, ಬಣ್ಣದ ವೇಷ ಅಬ್ಬರಿಸಿದಾಗ ಹೆದರಿ ಅಪ್ಪನ ಬೆನ್ನ ಹಿಂದೆ ಅಡಗಿದ್ದೆ. ಬೆಳಗಾದ ಮೇಲೆ ಚಹಾದಂಗಡಿಯಲ್ಲಿ ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿದ್ದ ಒಬ್ಬ ಸಣಕಲು ಮನುಷ್ಯ ತಮ್ಮ ಬನ್ನಿನಲ್ಲಿ ಅರ್ಧ ಮುರಿದು ನನಗೆ ಕೊಟ್ಟರು. ರಾತ್ರಿಯ ರಾಕ್ಷಸ ಅವರೇ! ಈ ತಾಲೂಕಿನವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೆಸರಾದದ್ದು ಭಸ್ಮಾಸುರ, ಕೀಚಕ, ದುಷ್ಟಬುದ್ಧಿಯಂಥ ಪಾತ್ರಗಳಿಂದ. 2012ರಲ್ಲಿ ಅವರಿಗೂ ಪದ್ಮಶ್ರೀ ಬಂತು. ವೇಷ ರಂಗಸ್ಥಳದಲ್ಲಿರುತ್ತದೆ. ಮನುಷ್ಯನನ್ನು ಚೌಕಿಯಲ್ಲಿ, ಬಣ್ಣ ತೆಗೆದ ಮೇಲೆ ನೋಡಬೇಕು.

ಸಮವಸ್ತ್ರವೂ ಒಂದು ವೇಷ

ಇದರ ಇನ್ನೊಂದು ಮುಖವನ್ನು ನನ್ನಂಥ ಅಜ್ಜ, ಅಜ್ಜಿಯರು ಗಮನಿಸಬೇಕು. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಈಗ ಮೊಬೈಲಿನ ವಿಡಿಯೋ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟವರು ಕಾಣಿಸಿಕೊಳ್ಳುತ್ತಾರೆ. ಹಿಂದೆ ಠಾಣೆಯಂಥದ್ದೇ ಗೋಡೆ, ಧ್ವಜ, ಮೊಹರು ಒತ್ತಿದ ಕಾಗದ. “ನಿಮ್ಮ ಹೆಸರಿನಲ್ಲಿ ಅಪರಾಧ ದಾಖಲಾಗಿದೆ, ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ, ಹಣ ಕಳಿಸಿ” ಎನ್ನುತ್ತಾರೆ. ಓದಿದವರು, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು ಕೂಡ ಜೀವಮಾನದ ಉಳಿತಾಯ ಕಳೆದುಕೊಂಡಿದ್ದಾರೆ.

ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಪೊಲೀಸರು ಫೋನಿನಲ್ಲಿ ಬಂಧಿಸುವುದಿಲ್ಲ, ಹಣ ಕಳಿಸು ಎನ್ನುವುದೂ ಇಲ್ಲ. ಅಂಥ ಕರೆ ಬಂದರೆ ಹೆದರದೆ ಕತ್ತರಿಸಿ, ಮನೆಯವರಿಗೆ ಹೇಳಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊಮ್ಮಕ್ಕಳೇ, ಈ ನಂಬರನ್ನು ಅಜ್ಜನ ಫೋನಿನ ಹಿಂದೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಇದು ನಿಮ್ಮ ಕೆಲಸ.

ಹಾಗೆಂದು ಒಳ್ಳೆಯ ಬಟ್ಟೆ ತೊಟ್ಟವರೆಲ್ಲ ಮೋಸಗಾರರಲ್ಲ, ಬಡವರೆಲ್ಲ ಸಂತರೂ ಅಲ್ಲ. ನನ್ನ ಕಥೆಯ ಆ ವ್ಯಾಪಾರಿಯೂ ಪ್ರಾಮಾಣಿಕರೇ. ತಪ್ಪು ಅವರ ಬಿಳಿ ಅಂಗಿಯದಲ್ಲ. ಅಂಗಿ ನೋಡಿದ ಕೂಡಲೇ ತೀರ್ಪು ಕೊಟ್ಟ ನನ್ನದು.

ಕಿತ್ತಳೆ ಬುಟ್ಟಿಯಿಂದ ಶಾಲೆ

ತುಳಸಿ ಗೌಡರು ಪದ್ಮಶ್ರೀ ಪಡೆದ ದಿನವೇ ಬಿಳಿ ಅಂಗಿ, ಬಿಳಿ ಪಂಚೆಯ ಇನ್ನೊಬ್ಬರು ಬರಿಗಾಲಿನಲ್ಲಿ ಅದೇ ಹಾಸಿನ ಮೇಲೆ ನಡೆದು ಬಂದರು. ದಕ್ಷಿಣ ಕನ್ನಡದ ಹರೇಕಳ ಹಾಜಬ್ಬ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಒಮ್ಮೆ ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಇವರಿಗೆ ಅರ್ಥವಾಗಲಿಲ್ಲ. ಅವರು ಹೊರಟುಹೋದರು. ಆ ಸಂಕೋಚ ಹಾಜಬ್ಬರ ಮನಸ್ಸಿನಲ್ಲಿ ಉಳಿಯಿತು. ತಮ್ಮೂರಿನ ಮಕ್ಕಳಿಗೆ ಹೀಗಾಗಬಾರದು ಎಂದು ಕಿತ್ತಳೆ ಮಾರಿದ ಹಣದಲ್ಲಿ ಉಳಿಸಿ, ದಾನಿಗಳನ್ನು ಕಂಡು, ಕಚೇರಿಗಳಿಗೆ ಅಲೆದು ನ್ಯೂಪಡ್ಪುವಿನಲ್ಲಿ ಶಾಲೆ ಬರುವಂತೆ ಮಾಡಿದರು. ಪದ್ಮಶ್ರೀಯ ಸುದ್ದಿ ಬಂದಾಗ ಅವರು ಪಡಿತರ ಅಂಗಡಿಯ ಸಾಲಿನಲ್ಲಿ ನಿಂತಿದ್ದರು.

ಆ ಸಾಲಿನಲ್ಲಿ ಅವರ ಹಿಂದೆ ಮುಂದೆ ನಿಂತವರು ಏನು ಕಂಡಿರಬಹುದು? ಕೈಯಲ್ಲಿ ಚೀಲ ಹಿಡಿದ ಒಬ್ಬ ಬಡ ಮನುಷ್ಯ. ನಾವು ದಿನವೂ ನಿಲ್ಲುವ ಸಾಲುಗಳಲ್ಲೂ ಯಾರು ಯಾರಿದ್ದಾರೋ!

ಹೆಸರು ಕೇಳಿದ ಹುಡುಗಿ

ರಜೆ ಮುಗಿದು ಮೊಮ್ಮಗಳನ್ನು ಬಸ್ಸಿಗೆ ಬಿಡಲು ಕುಮಟಾಕ್ಕೆ ಹೊರಟೆವು. ಬೇಸಿಗೆಯಲ್ಲಿ ಆ ಹೆದ್ದಾರಿಯ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗುಹಾಕಿ ಮಾರುತ್ತಾರಲ್ಲ, ಅಲ್ಲಿ ರಿಕ್ಷಾ ನಿಲ್ಲಿಸಿದೆ. ನಾನು ಅಭ್ಯಾಸದಂತೆ ದರ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ ಮುಂದೆ ಹೋಗಿ ಕೇಳಿದಳು: “ಅಜ್ಜೀ, ನಿಮ್ಮ ಹೆಸರೇನು?”

ಮಾರುವ ಅಜ್ಜಿ ತಬ್ಬಿಬ್ಬಾದರು. “ನನ್ನ ಹೆಸರು ಕಟ್ಕಂಡು ನಿಂಗೆಂತ ಮಗಾ? ಎಲ್ಲರೂ ಗೊಂಚಲಿಗೆ ಎಷ್ಟು ಅಂತಲೇ ಕೇಳುದು,” ಎಂದು ನಕ್ಕರು. ಆಮೇಲೆ ಹೇಳಿದರು. ಮಾತು ಶುರುವಾಯಿತು. ಯಾವ ತಿಂಗಳು ಸಸಿ ನೆಡುವುದು, ಕಿತ್ತ ಮೇಲೆ ಎಷ್ಟು ಒಣಗಿಸುವುದು, ಸೊಪ್ಪನ್ನು ಜಡೆಯಂತೆ ಹೆಣೆಯುವುದು ಹೇಗೆ, ಗಾಳಿಯಾಡುವಲ್ಲಿ ತೂಗುಹಾಕಿದರೆ ಏಕೆ ಕೊಳೆಯುವುದಿಲ್ಲ, ಎಲ್ಲವನ್ನೂ ವಿವರಿಸಿದರು. ಹುಡುಗಿಯ ಕೈಗೆ ಎರಡು ಗಡ್ಡೆ ಕೊಟ್ಟು ಹೆಣೆಯಲು ಕಲಿಸಿದರು. ಬಸ್ಸು ತಪ್ಪುವುದೊಂದು ಬಾಕಿ.

ಮಕ್ಕಳೇ, ಈ ವಾರ ನೀವೂ ಒಂದು ಕೆಲಸ ಮಾಡಿ. ನಿಮ್ಮ ಮನೆಗೆ ಹಾಲು ತರುವವರು, ಶಾಲೆಯಲ್ಲಿ ಕಸ ಗುಡಿಸುವವರು, ಬಿಸಿಯೂಟ ಬಡಿಸುವವರು, ಮೀನು ಮಾರುವವರು, ಇವರಲ್ಲಿ ಒಬ್ಬರ ಹೆಸರು ಕೇಳಿ. ‘ನೀವು’ ಎಂದು ಮಾತಾಡಿಸಿ. ಅವರಿಗೆ ಗೊತ್ತಿರುವ ಒಂದು ಕೆಲಸವನ್ನು ಹೇಗೆ ಮಾಡುವುದೆಂದು ಕೇಳಿ ಕಲಿಯಿರಿ. ಯಾರನ್ನಾದರೂ ತಪ್ಪಾಗಿ ತಿಳಿದು ನೋಯಿಸಿದ್ದರೆ ಇವತ್ತೇ ಹೋಗಿ ತಪ್ಪಾಯಿತು ಎನ್ನಿ. ನಾಳೆ ಎಂದರೆ ಏನಾಗುತ್ತದೆ ಎಂಬುದಕ್ಕೆ ಈ ಅಜ್ಜನೇ ಸಾಕ್ಷಿ.

ಮೊನ್ನೆ ಮೊಮ್ಮಗಳು ಫೋನ್ ಮಾಡಿದ್ದಳು. ಶಾಲೆಗೆ ಪುಸ್ತಕ ಕೊಟ್ಟಳಂತೆ. ಮೊದಲ ಪುಟದಲ್ಲಿ ತುಳಸಿ ಗೌಡರ ಚಿತ್ರ. ಕೊನೆಯ ಪುಟದಲ್ಲಿ ಚಿತ್ರವಿಲ್ಲ. ಈರುಳ್ಳಿ ಹೆಣೆಯುವ ವಿಧಾನ, ಅದರ ಕೆಳಗೆ ಕಲಿಸಿದ ಅಜ್ಜಿಯ ಹೆಸರು.